ಎರಡನೆಯ ಮೀಟರು

ಮೊದಲೇ ಒಂದು ಮಾತು ಹೇಳಿಬಿಡುತ್ತೇನೆ. ನಮ್ಮ ಬೀದಿಯಲ್ಲಿ ನಡೆದದ್ದರಲ್ಲಿ ನನ್ನ ತಪ್ಪು ಏನೂ ಇಲ್ಲ. ತಪ್ಪಿದ್ದರೆ ಅದು ಕರೆಂಟಿನದು, ಇಲ್ಲವೇ ಜನರದು. ಜನರಿಗೆ ಮಾತನ್ನು ಬೇಗ ಮುಗಿಸಲು ಬರುವುದಿಲ್ಲ. ಅವರು ಮುಗಿಸುವ ಹೊತ್ತಿಗೆ ನಾನು ಅರ್ಥ ಮಾಡಿಕೊಂಡು ಮುಂದಿನ ಕೆಲಸಕ್ಕೆ ಹೋಗಿಯಾಗಿರುತ್ತದೆ.

ಇದು ನನ್ನ ಕಸುಬಿನ ಗುಣ. ನಾನು ಸೋಫಾ ಮಾರುವವನು. ಗಿರಾಕಿ ಒಳಗೆ ಬಂದು “ನಮಗೆ ಚಿಕ್ಕದೊಂದು…” ಎನ್ನುವಷ್ಟರಲ್ಲಿ “ಗೊತ್ತಾಯ್ತು ಬನ್ನಿ” ಎಂದು ಕರೆದುಕೊಂಡು ಹೋಗಿ ದೊಡ್ಡದರ ಮೇಲೆ ಕೂರಿಸಿಬಿಡಬೇಕು. ಕೂತವರು ಏನು ಹೇಳಲು ಬಂದಿದ್ದರೋ ಅದನ್ನು ಮರೆಯುತ್ತಾರೆ. ಮಾತು ಮುಗಿಸಲು ಬಿಟ್ಟ ಗಿರಾಕಿ ಕೈತಪ್ಪಿದ ಗಿರಾಕಿ ಎಂದು ನಮ್ಮ ಷೋರೂಮಿಗೆ ಹೊಸದಾಗಿ ಸೇರುವವರಿಗೆಲ್ಲ ನಾನೇ ಪಾಠ ಮಾಡುತ್ತೇನೆ.

ಇನ್ನು ಗಾಡಿಗಳ ವಿಷಯ. ನನ್ನ ಹೆಂಡತಿ ಮನೆಮನೆಗೆ ಹೋಗಿ ಜನರ ಮಂಡಿ, ಸೊಂಟ, ಭುಜಗಳಿಗೆ ವ್ಯಾಯಾಮ ಮಾಡಿಸುವವಳು. ಓಡಾಟ ಜಾಸ್ತಿ ಎಂದು ಕರೆಂಟಿನ ಕಾರು ತೆಗೆದುಕೊಂಡಳು. ನನಗೆ ಸಂತೋಷವೇ ಆಯಿತು. ಆದರೆ ಬೀದಿಯವರು ನನ್ನನ್ನು “ಕಾರಮ್ಮನ ಯಜಮಾನರು” ಎಂದು ಕರೆಯತೊಡಗಿದರು. ಆಗ ಸಂತೋಷ ಸ್ವಲ್ಪ ಇಳಿಯಿತು. ನಾನೂ ಒಂದು ಹಳೆಯ ಕರೆಂಟಿನ ಕಾರು ನೋಡಿ ತಂದು ಅವಳ ಕಾರಿನ ಪಕ್ಕದಲ್ಲಿ ನಿಲ್ಲಿಸಿದೆ. ಆಮೇಲೆ ಬೀದಿಯವರು ನನ್ನನ್ನು “ಕಾರಮ್ಮನ ಯಜಮಾನರು, ಅವರಿಗೂ ಒಂದು ಕಾರಿದೆ” ಎಂದು ಕರೆಯತೊಡಗಿದರು.

ಕಾರು ಎರಡು, ಮನೆ ಮುಂದಿನ ಪ್ಲಗ್ಗು ಒಂದು. ಆ ಪ್ಲಗ್ಗಿನ ಓಟವೋ ಆಮೆಯದು. ರಾತ್ರಿಯೆಲ್ಲ ಕೊಟ್ಟರೆ ಒಂದು ಕಾರು ತುಂಬುತ್ತದೆ. ಹಾಗಾಗಿ ಒಂದು ದಿನ ಅವಳದು, ಒಂದು ದಿನ ನನ್ನದು ಎಂದು ಸರದಿ ಮಾಡಿಕೊಂಡೆವು. ಕಾಗದದ ಮೇಲೆ ಇದಕ್ಕಿಂತ ಒಳ್ಳೆಯ ಏರ್ಪಾಡು ಇರಲಾರದು. ಆದರೆ ಬೆಳಗ್ಗೆ ನೋಡಿದರೆ ಎರಡು ಕಾರುಗಳಲ್ಲೂ ಅರ್ಧರ್ಧ. ಯಾವುದೂ ತುಂಬಿರುತ್ತಿರಲಿಲ್ಲ.

ನಿಜ ಹೇಳಬೇಕೆಂದರೆ, ಯಾರ ಸರದಿಯೇ ಇರಲಿ, ನಡುರಾತ್ರಿ ಎಚ್ಚರವಾದಾಗ ನಾನು ಹೊರಗೆ ಹೋಗಿ, ವಯರು ನನ್ನ ಕಾರಿನಲ್ಲಿದ್ದರೆ ಅದನ್ನು ಅವಳ ಕಾರಿಗೆ ಹಾಕಿ ಬಂದು ಮಲಗುತ್ತಿದ್ದೆ. ಪ್ರೀತಿಗೀತಿ ಏನೂ ಅಲ್ಲ. ಮಂಡಿ ನೋವಿನವರು ಕಾಯುತ್ತಿರುತ್ತಾರೆ, ಸೋಫಾ ಎಲ್ಲಿಗೂ ಓಡಿಹೋಗುವುದಿಲ್ಲ, ಅಷ್ಟೇ ಲೆಕ್ಕ. ಎದ್ದು ನೋಡಿದರೆ ವಯರು ಮತ್ತೆ ನನ್ನ ಕಾರಿನಲ್ಲೇ ಇರುತ್ತಿತ್ತು. ನಿದ್ದೆಗಣ್ಣಿನಲ್ಲಿ ನಾನೇ ತಪ್ಪು ಕಾರಿಗೆ ಹಾಕಿರಬೇಕು ಎಂದುಕೊಳ್ಳುತ್ತಿದ್ದೆ. ಒಟ್ಟಿನಲ್ಲಿ ನಮ್ಮ ಮನೆಗೆ ಬರುವ ಕರೆಂಟೇ ಬಡಕಲು ಎಂದು ನಾನು ತೀರ್ಮಾನಿಸಿದೆ.

ಹೆಂಡತಿ ಎಲೆಕ್ಟ್ರಿಷಿಯನ್ನನನ್ನು ಕರೆಸಿದಳು. ಆತ ಗೋಡೆ ತಟ್ಟಿದ, ಸ್ವಿಚ್ಚಿನ ಪೆಟ್ಟಿಗೆ ತೆರೆದು ಮೂಸಿ ನೋಡಿದ, ಆಮೇಲೆ ನನ್ನನ್ನು ಬಿಟ್ಟು ಅವಳಿಗೆ ವಿವರಿಸಿದ.

“ನೋಡಿ ಮೇಡಂ, ಇನ್ನೊಂದು ಪ್ಲಗ್ ಹಾಕ್ಕೊಡ್ತೀನಿ, ಆದ್ರೆ ಎರಡೂ ಕಾರು ಒಟ್ಟಿಗೆ ಹಾಕಿದ್ರೆ ಮನೆಯೆಲ್ಲ ಟ್ರಿಪ್ ಆಗುತ್ತೆ. ಗೋಡೆಗೆ ಹಾಕೋ ದೊಡ್ಡ ಚಾರ್ಜರ್ ಬೇಕಂದ್ರೆ ಲೋಡ್ ಜಾಸ್ತಿ ಮಾಡಿಸ್ಬೇಕು. ಇನ್ನೊಂದು ಪೆಟ್ಟಿಗೆ ಬಂದಿದೆ. ಒಂದೇ ಪೆಟ್ಟಿಗೆ, ಎರಡು ವಯರು. ಇರೋ ಕರೆಂಟನ್ನೇ ಅದು ಎರಡಕ್ಕೂ ಹಂಚುತ್ತೆ. ಒಂದು ತುಂಬಿದ್ರೆ ಉಳಿದಿದ್ದು ಇನ್ನೊಂದಕ್ಕೆ ಬಿಡುತ್ತೆ. ನೀವೇನೂ ನೋಡೋ ಹಾಗಿಲ್ಲ.”

“ಅದೇ ಹಾಕಿಸೋಣ ರೀ,” ಎಂದಳು ಹೆಂಡತಿ.

“ನಮ್ಮನೇಲಿ ಯಾರಿಗೆ ಎಷ್ಟು ಅಂತ ಒಂದು ಪೆಟ್ಟಿಗೆ ತೀರ್ಮಾನ ಮಾಡೋದಾ?” ಎಂದೆ ನಾನು.

“ಮತ್ತೇನ್ ಮಾಡ್ತೀರಾ?”

“ನಾನು ನೋಡ್ಕೋತೀನಿ ಬಿಡು.”

ಈ ಮಾತು ಹೇಳಿದಾಗೆಲ್ಲ ಅವಳ ಮುಖದಲ್ಲಿ ಒಂದು ಭಯ ಕಾಣಿಸುತ್ತದೆ. ಅದು ಯಾಕೆಂದು ನನಗೆ ಇವತ್ತಿಗೂ ಅರ್ಥವಾಗಿಲ್ಲ.

ಇದೆಲ್ಲಕ್ಕಿಂತ ದೊಡ್ಡ ವಿಷಯವೊಂದು ಆಗ ನಮ್ಮ ಮನೆಯಲ್ಲಿ ನಡೆಯುತ್ತಿತ್ತು. ನಮಗೆ ಮಕ್ಕಳಿಲ್ಲ. ದತ್ತು ತೆಗೆದುಕೊಳ್ಳಲು ಹೆಸರು ಕೊಟ್ಟು ಕಾದು ಕಾದು ಸಾಕಾಗುವ ಹೊತ್ತಿಗೆ ಒಂದು ಪುಟ್ಟ ಹುಡುಗಿಯನ್ನು ನೋಡಲು ಕರೆದಿದ್ದರು. ಅವಳು ಮೇಜಿನ ಕೆಳಗೆ ಕೂತು, ಒಂದು ಚಕ್ರ ಕಳೆದುಕೊಂಡ ಪ್ಲಾಸ್ಟಿಕ್ಕಿನ ಕಾರನ್ನು ನನ್ನ ಬೂಟಿನ ಮೇಲೆ ಹತ್ತಿಸಿ ಇಳಿಸುತ್ತಿದ್ದಳು. ಒಂದೇ ಒಂದು ಮಾತಾಡಿದಳು. “ಕಾಲು ಅಲ್ಲಾಡಿಸ್ಬೇಡಿ.” ನಾನು ಅಲ್ಲಾಡಿಸಲಿಲ್ಲ. ಕಾಲು ಜೋಮು ಹಿಡಿದು, ಹೊರಡುವಾಗ ಹೆಂಡತಿಯ ಭುಜ ಹಿಡಿದು ಕುಂಟುತ್ತ ಬಂದೆ. ಆ ಮಗು ನಮ್ಮ ಮನೆಗೆ ಬರಬೇಕು. ಜೀವನದಲ್ಲಿ ಈ ಒಂದು ವಿಷಯದಲ್ಲಿ ಮಾತ್ರ ನನಗೆ ಯಾವ ಗೊಂದಲವೂ ಇರಲಿಲ್ಲ. ಇನ್ನು ಉಳಿದಿದ್ದು ದತ್ತು ಕಚೇರಿಯ ಅಧಿಕಾರಿಯೊಬ್ಬರು ಮನೆ ನೋಡಿ ಹೋಗುವುದು. ಯಾವತ್ತು ಎಂದು ಹೆಂಡತಿ ಹೇಳಲು ಬಂದಳು, ನಾನು “ಗೊತ್ತಾಯ್ತು” ಎಂದೆ. ಆಮೇಲೆ ಮಗು.

ಅಷ್ಟರೊಳಗೆ ಗಾಡಿಗಳ ರಗಳೆ ಮುಗಿಸಿ ಹೆಂಡತಿಯನ್ನು ಬೆರಗುಗೊಳಿಸಬೇಕೆಂದು ನಾನು ಅವಳಿಗೆ ಹೇಳದೆ ವಿದ್ಯುತ್ ಕಚೇರಿಗೆ ಹೋದೆ. ಕಿಟಕಿಯಲ್ಲಿ ಕೂತಿದ್ದವರು ತಲೆ ಎತ್ತದೆ ಕೇಳಿದರು.

“ಏನು?”

“ಒಂದು ಮೀಟರ್ ಸಾಲ್ತಿಲ್ಲ. ನನಗೊಂದು, ನನ್ನ ಹೆಂಡತಿಗೊಂದು ಬೇರೆ ಬೇರೆ ಬೇಕು.”

ಈಗ ಅವರು ತಲೆ ಎತ್ತಿದರು. “ಒಂದೇ ಮನೇನಾ?”

“ಒಂದೇ ಮನೆ. ಆದ್ರೆ ಒಟ್ಟಿಗೆ ನಡೀತಿಲ್ಲ ಸಾರ್. ದಿನಾ ಬೆಳಗ್ಗೆ ಇದೇ ಗೋಳು.”

ಅವರು ಪೆನ್ನು ಕೆಳಗಿಟ್ಟರು. “ದೊಡ್ಡವರು ಯಾರಾದ್ರೂ ಕೂರಿಸಿ ಮಾತಾಡಿಸಿದ್ರಾ?”

“ಎಲೆಕ್ಟ್ರಿಷಿಯನ್ ಬಂದಿದ್ದ. ಅವನು ಹೇಳಿದ್ದು ನನಗೆ ಹಿಡಿಸಲಿಲ್ಲ.”

ಅವರು ನನ್ನನ್ನು ಬಹಳ ಹೊತ್ತು ನೋಡಿದರು. “ನೋಡಿ, ಒಂದು ಸಂಸಾರಕ್ಕೆ ಎರಡು ಮೀಟರ್ ಕೊಡೋಕೆ ಬರಲ್ಲ. ಎರಡು ಸಂಸಾರ ಅಂತ ಆದ್ರೆ ಕೊಡ್ತೀವಿ. ಬೇರೆ ಬಾಗಿಲು, ಬೇರೆ ಅಡುಗೆಮನೆ ಇರಬೇಕು. ಮುಂದಿನ ವಾರ ನಮ್ಮವರು ಬಂದು ನೋಡ್ತಾರೆ. ಅಥವಾ ನಿಮಗೆ ಬೇಕಾಗಿರೋದು ಏನಾದ್ರೂ…”

“ಗೊತ್ತಾಯ್ತು, ಗೊತ್ತಾಯ್ತು,” ಎಂದು ನಾನು ಅರ್ಜಿ ಬರೆದುಕೊಟ್ಟು ಬಂದೆ. ಹಿಂದಿನಿಂದ ಅವರು “ಯಜಮಾನ್ರೇ, ದುಡುಕ್ಬೇಡಿ” ಎಂದದ್ದು ಕೇಳಿಸಿತು. ಮೀಟರಿನ ವಿಷಯದಲ್ಲಿ ದುಡುಕುವುದೇನಿದೆ?

ನಮ್ಮ ಮನೆಯ ಪಕ್ಕಕ್ಕೆ ಅಂಟಿಕೊಂಡಂತೆ ಹಳೆಯ ಸಾಮಾನು ತುಂಬಿದ ಒಂದು ಕೋಣೆಯಿದೆ. ಅದಕ್ಕೆ ಬೇರೆ ಬಾಗಿಲೂ ಇದೆ. ಭಾನುವಾರ ಹೆಂಡತಿ ಹೊರಗೆ ಹೋದದ್ದು ನೋಡಿ ನಾನು ಟೇಪು ಹಿಡಿದು ಅದನ್ನು ಅಳೆಯುತ್ತಿದ್ದೆ. ಎದುರುಮನೆಯ ಅಕ್ಕ ಗೇಟಿಗೆ ಬಂದರು. ಬೀದಿಯಲ್ಲಿ ಇವರಿಗೆ ಕ್ಯಾಮೆರಾ ಅಕ್ಕ ಎಂದು ಹೆಸರು. ಅವರ ಕಿಟಕಿಯ ಪರದೆ ಮುಚ್ಚಿದ್ದನ್ನು ಯಾರೂ ಕಂಡವರಿಲ್ಲ.

“ಏನಪ್ಪಾ, ಅಳತೆ ನಡೀತಿದೆ?”

“ಮಂಚ ಹಿಡಿಯುತ್ತಾ ನೋಡ್ತಿದ್ದೆ ಅಕ್ಕಾ. ಒಂದು ಸಣ್ಣ ಸ್ಟವ್ವೂ ಇಡಬೇಕು.”

“ಯಾರಿಗೆ?”

“ನನಗೇ. ಇನ್ಮೇಲೆ ಅವಳದ್ದೇ ಬೇರೆ, ನಂದೇ ಬೇರೆ. ಮೀಟರೂ ಬೇರೆ ಆಗ್ತಿದೆ. ಅವಳಿಗೆ ಹೇಳ್ಬೇಡಿ, ಗೊತ್ತಿಲ್ಲ ಅವಳಿಗೆ. ಒಂದೇ ಸಲ ಹೇಳಿ ದಂಗುಬಡಿಸ್ತೀನಿ.”

ಅಕ್ಕ ಸೆರಗಿನ ತುದಿಯನ್ನು ಬಾಯಿಗೆ ಒತ್ತಿಕೊಂಡು ಸರಸರ ಹೋಗಿಬಿಟ್ಟರು. ಹಲ್ಲುನೋವು ಎಂದುಕೊಂಡೆ.

ಮರುದಿನದಿಂದ ಬೀದಿ ನನ್ನನ್ನು ವಿಚಿತ್ರವಾಗಿ ನೋಡತೊಡಗಿತು. ಬೇಕರಿಯವನು ಕೇಳದೇ ಅರ್ಧ ಬ್ರೆಡ್ಡು ಕಟ್ಟಿಕೊಟ್ಟು, “ಒಬ್ಬರಿಗೆ ಇಷ್ಟು ಸಾಕು ಸಾರ್,” ಎಂದ. ಮೂಲೆಮನೆಯ ನಿವೃತ್ತ ಮೇಷ್ಟ್ರು ನನ್ನ ಕೈ ಹಿಡಿದುಕೊಂಡು, “ನಾನೂ ಒಂದ್ಸಲ ಹೀಗೇ ಯೋಚನೆ ಮಾಡಿದ್ದೆ. ಆಮೇಲೆ ಸಾರು ಮಾಡೋಕೆ ಬರಲ್ಲ ಅಂತ ನೆನಪಾಗಿ ಸುಮ್ಮನಾದೆ,” ಎಂದರು. ಕಾರಿಗೂ ಸಾರಿಗೂ ಏನು ಸಂಬಂಧವೆಂದು ತಿಳಿಯದೆ ನಾನು ತಲೆದೂಗಿದೆ.

ಸಂಜೆ ನನ್ನ ಸ್ವಂತ ಅಕ್ಕ ಫೋನ್ ಮಾಡಿದಳು.

“ಏನೋ ಇದು, ನಾನು ಕೇಳಿದ್ದು? ಬೇರೆ ಬೇರೆ ಮಾಡ್ಕೋತಿದೀರಂತೆ?”

“ನಿನಗೂ ಗೊತ್ತಾಯ್ತಾ? ಹ್ಞೂಂ ಅಕ್ಕಾ. ಎಷ್ಟು ದಿನ ಅಂತ ಒಂದರಲ್ಲೇ ಇಬ್ಬರೂ ತಳ್ಳೋದು?”

“ಏನ್ ತೊಂದ್ರೆ ಆಗಿತ್ತೋ ನಿಂಗೆ?”

“ಬೆಳಗ್ಗೆ ಎದ್ರೆ ನನ್ನಲ್ಲಿ ಅರ್ಧ ಶಕ್ತಿನೂ ಇರಲ್ಲ. ಅವಳದ್ದೂ ಅದೇ ಕಥೆ. ದಾರೀಲಿ ನಿಂತುಬಿಟ್ರೆ?”

ಅಕ್ಕ, “ಡಾಕ್ಟರ್ ಹತ್ರ ಹೋಗ್ಬಾರ್ದೇನೋ,” ಎಂದು ಅತ್ತಳು. ಅತ್ತು ಮುಗಿಸಿ, “ಸಾಮಾನು ಪಾಲಾಗೋ ಮುಂಚೆ ನನ್ನ ಹೊಲಿಗೆ ಮೆಷಿನ್ ವಾಪಸ್ ಕಳಿಸು. ಅದು ಅವಳ ಕಡೆ ಹೋಗಬಾರದು,” ಎಂದು ಫೋನಿಟ್ಟಳು. ನಮ್ಮ ವಂಶದಲ್ಲಿ ಯಾರಿಗೂ ಮಾತಿನ ಹಿಂದುಮುಂದು ಗೊತ್ತಾಗುವುದಿಲ್ಲ. ನಾನೊಬ್ಬನೇ ಅದಕ್ಕೆ ಅಪವಾದ.

ಬುಧವಾರ ಬೆಳಗ್ಗೆ ಹೆಂಡತಿ ಅವಸರದಲ್ಲಿ ಹೊರಟಿದ್ದಳು. ವ್ಯಾಯಾಮ ಮಾಡಿಸುವ ಆ ದೊಡ್ಡ ರಬ್ಬರ್ ಚೆಂಡನ್ನು ಕಾರಿಗೆ ತುರುಕುತ್ತ, “ರೀ, ನಾಳೆ ಬರ್ತೀವಿ ಅಂದಿದ್ದೋರು ಇವತ್ತೇ ಬರ್ತಾರಂತೆ. ನಾನು ಒಬ್ಬರಿಗೆ ಮುಗಿಸಿ ಓಡಿ ಬರ್ತೀನಿ. ಅವರು ಬಂದ್ರೆ…” ಎಂದಳು.

ಮೀಟರಿನವರ ವಿಷಯ ಇವಳಿಗೆ ಹೇಗೆ ಗೊತ್ತಾಯಿತು? ಕಚೇರಿಯವರು ಮನೆಗೆ ಫೋನ್ ಮಾಡಿರಬೇಕು. ಹೋಗಲಿ, ಬೆರಗಾಗುವುದು ಹೋಯಿತು, ಮೀಟರಾದರೂ ಉಳಿಯಲಿ.

“ಗೊತ್ತು ಗೊತ್ತು. ನಾನು ನೋಡ್ಕೋತೀನಿ.”

“ಇದೊಂದರಲ್ಲಿ ಏನೂ ಎಡವಟ್ಟು ಮಾಡ್ಕೋಬೇಡಿ. ಎಲ್ಲ ಇದರ ಮೇಲೇ ನಿಂತಿದೆ.”

ಮೀಟರನ್ನು ಅವಳೂ ಇಷ್ಟು ಹಚ್ಚಿಕೊಂಡಿದ್ದಾಳೆಂದು ತಿಳಿದು ನನಗೆ ಕಣ್ಣು ತುಂಬಿ ಬಂತು. ಅವಳು ಹೋದದ್ದೇ ತಡ, ಷೋರೂಮಿಗೆ ರಜೆ ಹೇಳಿ ಕೆಲಸಕ್ಕೆ ನಿಂತೆ. ಮಡಚುವ ಮಂಚ ಪಕ್ಕದ ಕೋಣೆಗೆ ಹೋಯಿತು. ಒಂಟಿ ಸ್ಟವ್ವು ಹೋಯಿತು. ಒಂದು ತಟ್ಟೆ, ಒಂದು ಲೋಟ, ಒಂದು ಚಮಚ. ನನ್ನ ಬ್ರಷ್ಷನ್ನು ಬಚ್ಚಲುಮನೆಯಿಂದ ತಂದು ಕಿಟಕಿಯಲ್ಲಿಟ್ಟೆ. ಮದುವೆಯ ಫೋಟೋ ಇದ್ದರೆ ಒಂದೇ ಸಂಸಾರ ಎಂದಾರೆಂದು ಅದನ್ನು ಗೋಡೆಯಿಂದ ಇಳಿಸಿ ಮುಖ ಕೆಳಗೆ ಮಾಡಿಟ್ಟೆ. ಎರಡು ಮನೆಗಳ ನಡುವಿನ ಗಡಿ ತಿಳಿಯಲೆಂದು ಅಂಗಳದಲ್ಲಿ ಉದ್ದಕ್ಕೆ ಸುಣ್ಣದ ಗೆರೆ ಎಳೆದೆ. ಗೆರೆ ನೇರವಾಗಿ ಬಂದಿತ್ತು.

ಗೇಟಿನ ಹತ್ತಿರ ಒಂದು ಸ್ಕೂಟರ್ ನಿಂತಿತು. ಕೈಯಲ್ಲಿ ಫೈಲು ಹಿಡಿದ ಒಬ್ಬ ಹೆಂಗಸು ಇಳಿದರು. ಕನ್ನಡಕ, ಹತ್ತಿಯ ಸೀರೆ, ತುಂಬ ಗಂಭೀರ ಮುಖ.

“ನಮಸ್ಕಾರ. ಆಫೀಸಿಂದ ಬಂದಿದೀನಿ, ಮನೆ ನೋಡೋಕೆ. ನಾನು…”

“ಗೊತ್ತಾಯ್ತು, ಬನ್ನಿ ಬನ್ನಿ,” ಎಂದು ನಾನು ಕೈ ತೋರಿಸಿದೆ. “ಗೆರೆ ನೋಡ್ಕೊಂಡು ಬನ್ನಿ. ಈ ಕಡೆ ಅವಳದು, ಆ ಕಡೆ ನಂದು.”

ಅವರು ಗೆರೆಯ ಹತ್ತಿರ ನಿಂತರು. “ಇದೇನಿದು?”

“ಗಡಿ. ಎರಡಕ್ಕೂ ಸಂಬಂಧ ಇಲ್ಲ ಅಂತ ನಿಮಗೆ ಸ್ಪಷ್ಟವಾಗ್ಲಿ ಅಂತ.”

ಅವರ ಹುಬ್ಬು ಕನ್ನಡಕದ ಮೇಲಕ್ಕೆ ಹೋಯಿತು. ಮೆಚ್ಚುಗೆಯೆಂದು ತಿಳಿದು ನಾನು ಪಕ್ಕದ ಕೋಣೆಯ ಬಾಗಿಲು ತೆರೆದೆ.

“ಇಲ್ಲಿ ನಾನಿರೋದು. ಒಬ್ಬನೇ. ನೋಡಿ, ಒಂದೇ ತಟ್ಟೆ. ನಾನು ಮಾಡ್ಕೋತೀನಿ, ನಾನು ತಿನ್ಕೋತೀನಿ. ಅವಳು ಏನ್ ತಿಂತಾಳೋ ನನಗೆ ಗೊತ್ತೂ ಇಲ್ಲ.”

“ನೀವಿಬ್ಬರೂ ಮಾತಾಡೋದಾದ್ರೂ…?”

“ಅಗತ್ಯ ಏನಿದೆ ಮೇಡಂ? ಬಾಗಿಲೇ ಬೇರೆ ಅಲ್ವಾ?”

“ಆದ್ರೆ ಅರ್ಜಿ ಇಬ್ಬರೂ ಸೇರಿ ಹಾಕಿದೀರಲ್ಲ?”

“ಛೇ, ಅರ್ಜಿ ಹಾಕುವಾಗ ಅವಳಿಗೆ ವಿಷಯನೇ ಗೊತ್ತಿರ್ಲಿಲ್ಲ. ನಾನೊಬ್ಬನೇ ಹಾಕಿದ್ದು.”

ಅವರು ಮಂಚದ ಅಂಚಿನಲ್ಲಿ ಕೂತುಬಿಟ್ಟರು. ಕೂತವರು ಮಾತು ಮರೆಯುತ್ತಾರೆ ಎಂದೆನಲ್ಲ, ಇವರು ಮರೆಯಲಿಲ್ಲ. ಬಹಳ ಮೆಲ್ಲಗೆ ಕೇಳಿದರು.

“ಹಾಗಾದ್ರೆ ಮಗು ಬಂದ್ರೆ ಗೆರೆಯ ಯಾವ ಕಡೆ ಇರುತ್ತೆ?”

ನನ್ನ ಕೈಯಲ್ಲಿದ್ದ ಚಮಚ ಕೆಳಗೆ ಬಿತ್ತು. ಅವರ ಫೈಲಿನ ಮೇಲೆ ನಮ್ಮಿಬ್ಬರ ಫೋಟೋ ಅಂಟಿಸಿತ್ತು, ನಾನು ಹಲ್ಲು ಬಿಟ್ಟುಕೊಂಡಿದ್ದ ಫೋಟೋ. ಮೀಟರಿನವರು ಯಾರೂ ಫೋಟೋ ಕೇಳಿರಲಿಲ್ಲ.

“ಮೇಡಂ, ನೀವು… ಮೀಟರ್…”

“ಯಾವ ಮೀಟರ್?”

ಜೀವಮಾನವೆಲ್ಲ ಬೇರೆಯವರ ಮಾತನ್ನು ಮುಗಿಸಿಕೊಟ್ಟವನಿಗೆ ಈಗ ತನ್ನದೇ ಮಾತು ಮುಗಿಯಲೊಲ್ಲದು. ಅಷ್ಟರಲ್ಲಿ ಗೇಟಿನ ಹತ್ತಿರ ಇನ್ನೊಂದು ಗಾಡಿ ನಿಂತಿತು. ಹೆಗಲಿಗೆ ಚೀಲ, ಕೈಯಲ್ಲಿ ಟೆಸ್ಟರು ಹಿಡಿದ ಒಬ್ಬ ಮನುಷ್ಯ ಒಳಗೆ ಬಂದು ಸುಣ್ಣದ ಗೆರೆಯನ್ನು ದಾಟಿ, “ಎರಡನೇ ಮೀಟರ್ ಬೇಕು ಅಂದೋರು ಯಾರು? ಗಂಡ ಹೆಂಡ್ತಿ ಬೇರೆ ಇದಾರೆ ಅಂತ ನನಗೆ ಖಾತ್ರಿ ಆಗ್ಬೇಕು,” ಎಂದ.

“ಇಲ್ಲ ಇಲ್ಲ, ನಾವು ಬೇರೆ ಇಲ್ಲ!” ಎಂದು ನಾನು ಕಿರುಚಿದೆ.

“ಬೇರೆ ಇಲ್ವಾ? ಮತ್ತೆ ಈ ಗೆರೆ, ಈ ಸ್ಟವ್ವು?”

“ನಾನೂ ಅದನ್ನೇ ಕೇಳ್ತಿದೀನಿ,” ಎಂದರು ಆ ಹೆಂಗಸು. “ಇವರು ಒಟ್ಟಿಗೆ ಇದಾರೆ ಅಂತ ನನಗೆ ಖಾತ್ರಿ ಆಗ್ಬೇಕು.”

“ಒಟ್ಟಿಗಿದ್ರೆ ನಾನು ಕೊಡೋಕಾಗಲ್ಲ.”

“ಬೇರೆ ಇದ್ರೆ ನಾನು ಕೊಡೋಕಾಗಲ್ಲ.”

ಅವರಿಬ್ಬರೂ ಒಬ್ಬರನ್ನೊಬ್ಬರು ನೋಡಿ, ಆಮೇಲೆ ಒಟ್ಟಿಗೆ ನನ್ನನ್ನು ನೋಡಿದರು. ಅದೇ ಹೊತ್ತಿಗೆ ಬೀದಿಯ ತುದಿಯಿಂದ ಒಂದು ದೊಡ್ಡ ನೀಲಿ ಚೆಂಡು ನಡೆದುಬರುತ್ತಿರುವುದು ಕಾಣಿಸಿತು. ಹತ್ತಿರ ಬಂದ ಮೇಲೆ ಅದರ ಹಿಂದೆ ನನ್ನ ಹೆಂಡತಿ ಕಂಡಳು. ಕೂದಲು ಕೆದರಿತ್ತು, ಬೆವರು ಇಳಿಯುತ್ತಿತ್ತು.

“ಕಾರು ದಾರೀಲೇ ನಿಂತುಬಿಡ್ತು. ಅರ್ಧನೂ ಚಾರ್ಜ್ ಇರ್ಲಿಲ್ಲ. ಮೇಡಂ, ಕ್ಷಮಿಸಿ, ತಡ ಆಯ್ತು…” ಎನ್ನುತ್ತ ಅವಳು ಗೆರೆಯನ್ನು ನೋಡಿದಳು. ತೆರೆದ ಕೋಣೆಯನ್ನು, ಮಂಚವನ್ನು, ಕಿಟಕಿಯಲ್ಲಿದ್ದ ನನ್ನ ಬ್ರಷ್ಷನ್ನು ನೋಡಿದಳು. ಚೆಂಡು ಕೈಜಾರಿ ಅಂಗಳದಲ್ಲಿ ಪುಟಿಯಿತು.

“ಏನ್ರೀ ಇದು?”

ಅವಳು ಬೈದಿದ್ದರೆ ತಡೆದುಕೊಳ್ಳುತ್ತಿದ್ದೆ. ಬೈಯಲಿಲ್ಲ. ಕಿಟಕಿಯ ಹತ್ತಿರ ಹೋಗಿ ನನ್ನ ಬ್ರಷ್ಷನ್ನು ಕೈಗೆತ್ತಿಕೊಂಡಳು. ನನಗೆ ನೆಲ ಬಿರಿದು ಒಳಗೆ ಹೋಗಬಾರದೇ ಅನ್ನಿಸಿತು.

ಈಗ ಕ್ಯಾಮೆರಾ ಅಕ್ಕ ಬೀದಿ ದಾಟಿ ಬಂದರು. ಹಿಂದೆ ಮೇಷ್ಟ್ರು, ಅವರ ಹಿಂದೆ ಕೈಯಲ್ಲಿ ಬ್ರೆಡ್ಡಿನ ಸಮೇತ ಬೇಕರಿಯವನು.

“ನೀವು ಎದುರುಮನೆಯವರಲ್ವಾ?” ಎಂದರು ಅಧಿಕಾರಿ. “ಇವರು ಬೇರೆ ಆಗಿದಾರಾ?”

“ಆಗ್ತಾರಂತೆ ಅಂತ ಬೀದಿಗೆಲ್ಲ ಹೇಳಿದ್ದೇ ನಾನು,” ಎಂದರು ಅಕ್ಕ, ಒಂದಿಷ್ಟೂ ಅಳುಕದೆ. “ಆದ್ರೆ ನನಗೊಂದು ಅರ್ಥ ಆಗ್ತಿಲ್ಲ ಮೇಡಂ. ಬೇರೆ ಆಗೋರು ಆ ವಯರ್ ಆಟ ಯಾಕೆ ಆಡ್ತಾರೆ?”

“ಯಾವ ವಯರ್ ಆಟ?”

“ನಂಗೆ ನಿದ್ದೆ ಕಮ್ಮಿ. ದಿನಾ ನೋಡ್ತೀನಲ್ಲ. ನಡುರಾತ್ರೀಲಿ ಈ ಯಪ್ಪ ಕಳ್ಳನ ಹಾಗೆ ಬಂದು ತನ್ನ ಕಾರಿನ ವಯರ್ ಕಿತ್ತು ಹೆಂಡ್ತಿ ಕಾರಿಗೆ ಹಾಕ್ತಾನೆ. ಇವನು ಒಳಗೆ ಹೋದ ಸ್ವಲ್ಪ ಹೊತ್ತಿಗೆ ಆ ಯಮ್ಮ ಬಂದು ಅದನ್ನ ಕಿತ್ತು ಗಂಡನ ಕಾರಿಗೆ ಹಾಕ್ತಾಳೆ. ಇಬ್ಬರೂ ಒಬ್ಬರಿಗೊಬ್ಬರು ಹೇಳ್ಕೊಳ್ಳಲ್ಲ. ಮಾರನೇ ದಿನ ಮತ್ತೆ ಅದೇ. ಸರಿಯಾಗಿ ಜಗಳ ಆಡಿ ಒಬ್ಬರಾದ್ರೂ ಚಾರ್ಜ್ ಮಾಡ್ಕೊಂಡಿದ್ರೆ ಇವತ್ತು ಈ ಚೆಂಡು ಹೊತ್ಕೊಂಡು ಬರೋ ಗತಿ ಬರ್ತಿತ್ತಾ?”

ನಾನು ಹೆಂಡತಿಯನ್ನು ನೋಡಿದೆ. ಅವಳು ನನ್ನನ್ನು ನೋಡಿದಳು.

“ನೀನಾ ಹಾಕ್ತಿದ್ದಿದ್ದು?”

“ನಿಮ್ಮ ಹಳೇ ಕಾರು ಸೇತುವೆ ಮೇಲೆ ನಿಂತುಬಿಟ್ರೆ ಅಂತ…” ಎಂದಳು. “ನೀವಾ ನನ್ನದಕ್ಕೆ ಹಾಕ್ತಿದ್ದಿದ್ದು? ನಾನೇ ಮರೆವಲ್ಲಿ ಹಾಕಿದೀನಿ ಅಂದ್ಕೊಂಡಿದ್ದೆ.”

“ಹಾಗಾದ್ರೆ ನಮ್ಮನೆ ಕರೆಂಟು ಬಡಕಲು ಅಲ್ವಾ?”

“ಕರೆಂಟ್ ಚೆನ್ನಾಗೇ ಇದೆ ಸಾರ್,” ಎಂದ ಮೀಟರಿನವ, ಟೆಸ್ಟರು ಒರೆಸುತ್ತ. “ಎಲ್ಲ ಈ ಗಾಡಿಗಳಿಗಾ? ಅದಕ್ಕೆ ಬೇರೆ ಅರ್ಜಿನೇ ಇದೆಯಲ್ಲ! ನಮ್ಮ ಆಫೀಸಲ್ಲಿ ಹೇಳ್ಲಿಲ್ವಾ?”

“ಹೇಳೋಕೆ ಬಿಟ್ಟಿರಲ್ಲ ಇವರು,” ಎಂದಳು ನನ್ನ ಹೆಂಡತಿ. ಅವಳು ಆ ಕಚೇರಿಗೆ ಕಾಲಿಟ್ಟವಳೇ ಅಲ್ಲ, ಆದರೂ ಕಣ್ಣಾರೆ ಕಂಡಂತೆ ಹೇಳಿದಳು.

“ಒಟ್ಟಿನಲ್ಲಿ ನೀವು ಒಂದೇ ಸಂಸಾರ. ಈ ಅರ್ಜಿ ತಿರಸ್ಕಾರ,” ಎಂದು ಅವನು ಪೆನ್ನು ತೆಗೆದ.

“ಅದನ್ನೇ ಬರೆದು ನನಗೊಂದು ಕೊಡ್ತೀರಾ?” ಎಂದರು ಅಧಿಕಾರಿ.

“ಏನಂತ?”

“ಸ್ಥಳಕ್ಕೆ ಬಂದು ಪರಿಶೀಲಿಸಿದೆ, ಗಂಡ ಹೆಂಡತಿ ಒಂದೇ ಸಂಸಾರ, ಯಾವ ಕಾರಣಕ್ಕೂ ಬೇರೆ ಮಾಡೋಕೆ ಬರಲ್ಲ ಅಂತ.”

ಅವನು ಬರೆದು, ಚೀಲದಿಂದ ಮೊಹರು ತೆಗೆದು ಒತ್ತಿಯೂ ಕೊಟ್ಟ. ನಮ್ಮ ಮದುವೆಯನ್ನು ವಿದ್ಯುತ್ ಕಚೇರಿ ಹೀಗೆ ಊರ್ಜಿತಗೊಳಿಸಿತು. ಅಧಿಕಾರಿ ಅದನ್ನು ಫೈಲಿಗೆ ಸೇರಿಸಿ ಎದ್ದು ನಿಂತರು. ಹೊರಡುವ ಮುಂಚೆ ನನ್ನ ಕಡೆ ತಿರುಗಿದರು.

“ನೀವು ಒಂದು ಮಾತು ಕೊಡಬೇಕು. ಆ ಮಗು ಮಾತಾಡೋದೇ ಕಮ್ಮಿ. ಮಾತಾಡೋಕೆ ಶುರು ಮಾಡಿದಾಗ…”

“ಗೊತ್ತಾ…” ಎಂದೆ. ಹೆಂಡತಿ ನನ್ನ ಕಾಲು ತುಳಿದಳು. ನಾನು ಬಾಯಿ ಮುಚ್ಚಿಕೊಂಡೆ. ಅವರು ಮಾತನ್ನು ಪೂರ್ತಿ ಮುಗಿಸಿದರು. ಬಹಳ ವರ್ಷಗಳಲ್ಲಿ ನಾನು ಕೊನೆಯವರೆಗೆ ಕೇಳಿಸಿಕೊಂಡ ಮೊದಲ ಮಾತು ಅದು. ಕೇಳಿದರೆ ಮಾತುಗಳಿಗೆ ಕೊನೆಯಲ್ಲೂ ಅರ್ಥವಿರುತ್ತದೆ.

ಎರಡು ವಯರಿನ ಆ ಪೆಟ್ಟಿಗೆ ಗೋಡೆಗೆ ಬಂತು. ಯಾರಿಗೆ ಎಷ್ಟು ಎಂದು ಅದೇ ನೋಡಿಕೊಳ್ಳುತ್ತದೆ. ನಡುರಾತ್ರಿ ಹೊರಗೆ ಹೋಗಿ ಮಾಡುವುದೇನೂ ಇಲ್ಲದೆ ನನಗೂ ಹೆಂಡತಿಗೂ ಕೆಲವು ದಿನ ಒಂದು ಥರ ಕಸಿವಿಸಿಯಾಯಿತು. ಕ್ಯಾಮೆರಾ ಅಕ್ಕನಿಗೆ ನಮಗಿಂತ ಹೆಚ್ಚು.

ಮಳೆಗಾಲ ಮುಗಿಯುವ ಹೊತ್ತಿಗೆ ಹುಡುಗಿ ಬಂದಳು. ಮೂರು ಚಕ್ರದ ಪ್ಲಾಸ್ಟಿಕ್ ಕಾರನ್ನು ಎದೆಗವಚಿಕೊಂಡು ಮನೆಯನ್ನೆಲ್ಲ ಒಂದು ಸುತ್ತು ಹಾಕಿ, ಗೋಡೆಯ ಪೆಟ್ಟಿಗೆಯ ಮುಂದೆ ನಿಂತಳು. ಒಂದು ವಯರು ನೋಡಿದಳು, ಇನ್ನೊಂದು ವಯರು ನೋಡಿದಳು. ಏನೋ ಹೇಳಲು ಬಾಯಿ ತೆರೆದಳು. ಅವಳು ಏನು ಹೇಳಲಿದ್ದಾಳೆಂದು ನನಗೆ ಗೊತ್ತಿತ್ತು. ತುಟಿಯವರೆಗೆ ಬಂದಿತ್ತು. ನಾನು ಹಲ್ಲು ಕಚ್ಚಿ ಕಾದೆ.

“ನಂದು…” ಎಂದಳು. ಬಹಳ ಹೊತ್ತು ಸುಮ್ಮನಿದ್ದಳು. “ನನ್ ಕಾರಿಗೆ ಎಲ್ಲಿ?”

ಮರುದಿನ ಬೆಳಗ್ಗೆ ಹೊರಡಲು ಹೋದರೆ ನನ್ನ ಕಾರಿನಲ್ಲಿ ವಯರಿರಲಿಲ್ಲ. ಅದರ ತುದಿಯನ್ನು ಕಿತ್ತು, ನೆಲದ ಮೇಲಿದ್ದ ಮೂರು ಚಕ್ರದ ಕಾರಿಗೆ ಒರಗಿಸಿ, ಜಾರದಂತೆ ನನ್ನ ಬೂಟನ್ನೇ ಒತ್ತಿಗೆ ಇಟ್ಟಿತ್ತು. ನನ್ನ ಕಾರಿನಲ್ಲಿ ಬೀದಿಯ ತುದಿ ಮುಟ್ಟುವಷ್ಟೂ ಚಾರ್ಜು ಇರಲಿಲ್ಲ. ನಾನು ಏನನ್ನೂ ಮುಟ್ಟದೆ, ಹಳೆಯ ಚಪ್ಪಲಿ ಹಾಕಿಕೊಂಡು ಬಸ್ಸಿಗೆ ಹೋದೆ.

ಷೋರೂಮಿನಲ್ಲಿ ಮಾಲೀಕರು, “ಏನ್ರೀ, ಇಷ್ಟು ತಡ? ಆ ಎರಡು ಗಾಡಿಗಳ ತಾಪತ್ರಯ ಇನ್ನೂ…” ಎಂದು ಶುರುಮಾಡಿದರು. ನಾನು ಅವರು ಮುಗಿಸುವವರೆಗೂ ಕಾದೆ.

“ಎರಡಲ್ಲ ಸಾರ್,” ಎಂದೆ. “ಈಗ ಮೂರಾಗಿದೆ.”